ಅಪಹರಣದ ಕತೆಯಿದ್ದ ಮಾತ್ರಕ್ಕೆ ಹೆಸರು ಅಪಶಕುನವೇ?

ಮಾನ್ಯರೇ,

ನನ್ನ ಮಗಳು ತನ್ನ ಹೆಣ್ಣುಮಗುವಿಗೆ ‘ಪರ್ಸೆಫನಿ’ ಎಂದು ಹೆಸರಿಡುತ್ತೇನೆ ಎಂದಾಗಿನಿಂದ ನೆಂಟರ ಫೋನು ನಿಂತಿಲ್ಲ. ಗ್ರೀಕ್ ಹೆಸರು ಎಂಬುದಕ್ಕಿಂತ ದೊಡ್ಡ ತಕರಾರು ಆ ಹೆಸರಿನ ಹಿಂದಿರುವ ಕತೆಯ ಬಗ್ಗೆ. ‘ಪಾತಾಳದ ದೊರೆ ಹೊತ್ತೊಯ್ದವಳ ಹೆಸರನ್ನು ಎಳೆಗೂಸಿಗೆ ಇಡುವುದುಂಟೆ?’ ಎನ್ನುತ್ತಾರೆ.

ಹಾಗೆ ಕೇಳಿದವರಲ್ಲಿ ಒಬ್ಬರು ರೇಣುಕಾ, ಇನ್ನೊಬ್ಬರು ಶಕುಂತಲಾ. ರೇಣುಕೆಯ ತಲೆ ಕಡಿದವನು ಹೆತ್ತ ಮಗ. ಶಕುಂತಲೆಯನ್ನು ಗುರುತೇ ಇಲ್ಲ ಎಂದವನು ಕೈಹಿಡಿದ ಗಂಡ. ಸೀತೆ, ಅಹಲ್ಯೆ, ಊರ್ಮಿಳೆಯರಲ್ಲಿ ಯಾರ ಬಾಳು ಸುಖವಾಗಿತ್ತು? ಆದರೂ ಪ್ರತಿ ಊರಿನಲ್ಲೂ ಈ ಹೆಸರಿನ ಹೆಣ್ಣುಮಕ್ಕಳಿದ್ದಾರೆ. ಚಂದ್ರಗುತ್ತಿಗೆ ಹೋಗಿ ರೇಣುಕಾಂಬೆಗೆ ಕೈಮುಗಿದು ಬಂದವರು ಗ್ರೀಕರ ಹುಡುಗಿಯ ಕಷ್ಟಕ್ಕೆ ಮಾತ್ರ ಯಾಕೆ ಹೆದರಬೇಕು?

ಕತೆಯನ್ನು ಪೂರ್ತಿ ಕೇಳಿದವರೂ ಕಡಿಮೆ. ಪರ್ಸೆಫನಿಯ ತಾಯಿ ಡಿಮೀಟರ್, ಧಾನ್ಯದ ದೇವತೆ. ಹೂ ಕೊಯ್ಯುತ್ತಿದ್ದ ಮಗಳನ್ನು ಹೇಡಿಸ್ ಎತ್ತಿಕೊಂಡು ಹೋದಾಗ ಈ ತಾಯಿ ಪಂಜು ಹಿಡಿದು ಅನ್ನ ನೀರು ಬಿಟ್ಟು ಹುಡುಕಿದಳು. ಮಗಳು ಸಿಗುವ ತನಕ ಭೂಮಿಯಲ್ಲಿ ಒಂದು ಕಾಳೂ ಮೊಳೆಯದಂತೆ ಮಾಡಿದಳು. ಕೊನೆಗೆ ದೇವರಾಜ ಸ್ಯೂಸನೇ ಮಣಿಯಬೇಕಾಯಿತು. ಅಷ್ಟರಲ್ಲಿ ಮಗಳು ಪಾತಾಳದ ದಾಳಿಂಬೆ ಕಾಳು ತಿಂದಿದ್ದಳಾಗಿ ವರ್ಷದ ಒಂದು ಭಾಗ ಅಲ್ಲಿ, ಉಳಿದದ್ದು ತಾಯಿಯ ಬಳಿ ಎಂದು ತೀರ್ಮಾನವಾಯಿತು. ಅವಳು ಮೇಲೆ ಬಂದಾಗ ನೆಲ ಚಿಗುರುತ್ತದೆ. ಅಥೆನ್ಸ್ ಹತ್ತಿರದ ಎಲ್ಯೂಸಿಸ್‌ನಲ್ಲಿ ಸಾವಿರ ವರ್ಷಕ್ಕೂ ಹೆಚ್ಚು ಕಾಲ ಜನ ಈ ತಾಯಿ ಮಗಳನ್ನು ಪೂಜಿಸಿದರು. ಭೂಮಿ ಹುಣ್ಣಿಮೆಯಂದು ಗದ್ದೆಯನ್ನು ಬಸುರಿ ಎಂದು ಕಂಡು ಬಯಕೆಯೂಟ ಬಡಿಸುವ ಮಲೆನಾಡಿನವರಿಗೆ ಇದು ಅರ್ಥವಾಗದ ಕತೆಯಲ್ಲ. ಮಗಳಿಗಾಗಿ ಲೋಕವನ್ನೇ ತಡೆದು ನಿಲ್ಲಿಸಿದ ತಾಯಿಯ ಕತೆ ಇದು, ಹೆಣ್ಣು ಹುಟ್ಟಿದ ಮನೆಗೆ ಇದಕ್ಕಿಂತ ಒಳ್ಳೆಯದು ಬೇಕೆ?

ನಮ್ಮ ಧರ್ಮದ್ದಲ್ಲ ಎಂಬ ಮಾತಿಗೂ ಉತ್ತರವಿದೆ. ಇವತ್ತಿನ ಗ್ರೀಕರಲ್ಲಿ ಬಹುಪಾಲು ಜನ ಆರ್ಥೊಡಾಕ್ಸ್ ಕ್ರೈಸ್ತರು. ಆದರೂ ಅಥಿನಾ, ಅಫ್ರೋದಿತಿ, ಪೆರ್ಸೆಫೋನಿ ಎಂಬ ಹೆಸರುಗಳನ್ನು ಅವರು ಬಿಟ್ಟಿಲ್ಲ. ಮಧ್ಯಪ್ರದೇಶದ ವಿದಿಶೆಯ ಬಳಿ ಬೆಸನಗರದಲ್ಲಿ ಕ್ರಿಸ್ತಪೂರ್ವ 2ನೇ ಶತಮಾನದಲ್ಲಿ ವಾಸುದೇವನಿಗೆ ಗರುಡಗಂಬ ನಿಲ್ಲಿಸಿದ ಗ್ರೀಕ್ ರಾಯಭಾರಿ ಹೀಲಿಯೊಡೋರಸ್. ಗ್ರೀಕರ ಸೂರ್ಯದೇವ ಹೀಲಿಯೋಸ್ ಅವನ ಹೆಸರಿನಲ್ಲೇ ಇದ್ದಾನೆ. ಶಾಸನದಲ್ಲಿ ತನ್ನನ್ನು ಭಾಗವತ, ಅಂದರೆ ವಾಸುದೇವನ ಭಕ್ತ, ಎಂದು ಕರೆದುಕೊಂಡ, ಹೆಸರನ್ನು ಮಾತ್ರ ಬದಲಿಸಲಿಲ್ಲ. ಇತಿಹಾಸ ಪಾಠ ಮಾಡುವಾಗ ಈ ಕಂಬದ ವಿಷಯವನ್ನು ನಾನು ಬಲು ಇಷ್ಟಪಟ್ಟು ಹೇಳುತ್ತಿದ್ದೆ.

ನನಗಿರುವ ಚಿಂತೆ ಬೇರೆ. ಇಂಗ್ಲಿಷ್ ಅಕ್ಷರ ನೋಡಿಕೊಂಡು ಒಬ್ಬರು ‘ಪರ್ಸೆಫೋನ್’ ಎನ್ನುತ್ತಾರೆ, ಇನ್ನೊಬ್ಬರು ‘ಪರ್ಸಿಫೊನೆ’ ಎಂದು ಬರೆಯುತ್ತಾರೆ. ಜನನ ಪ್ರಮಾಣಪತ್ರದಲ್ಲಿ ಒಂದು, ಆಧಾರ್‌ನಲ್ಲಿ ಇನ್ನೊಂದು ಆದರೆ ಮುಂದೆ ಅಲೆಯಬೇಕಾದವಳು ಆ ಮಗು. ಅಂಥ ಹೆಸರು ಇಡುವವರು ಕನ್ನಡದಲ್ಲಿ ಹೇಗೆ ಬರೆಯಬೇಕೆಂದು ಮೊದಲೇ ಗೊತ್ತುಮಾಡಿಕೊಳ್ಳಲಿ. ಆತುರವೇನಿಲ್ಲ. ಜನನ ನೋಂದಣಿಯಾದ ಮೇಲೆ 12 ತಿಂಗಳೊಳಗೆ ಶುಲ್ಕವಿಲ್ಲದೆ ಹೆಸರು ಸೇರಿಸಬಹುದು. ಶುಲ್ಕ ಕಟ್ಟಿದರೆ 15 ವರ್ಷದವರೆಗೂ ಅವಕಾಶವಿದೆ.

ಹಿರಿಯರೂ ಸ್ವಲ್ಪ ಸಡಿಲವಾಗಬೇಕು. ನಾಮಕರಣದ ದಿನ ಅಕ್ಕಿಯ ಮೇಲೆ ಮಾಸನಾಮ, ನಕ್ಷತ್ರನಾಮ ಹೇಗೂ ಬರೆಯುತ್ತೇವೆ. ವ್ಯವಹಾರನಾಮವನ್ನು ಹೆತ್ತವರ ಇಷ್ಟಕ್ಕೆ ಬಿಡೋಣ.

– ನಿವೃತ್ತ ಶಿಕ್ಷಕಿ, ಸಾಗರ