ಗೆಳೆಯನಿಗೊಂದು ಪತ್ರ: ಬೆಂಚು ಮಾಡುವ ಮೊದಲು ಬೋದಿಗೆ ನೋಡು

ಪ್ರೀತಿಯ ಗೆಳೆಯಾ,

ಪತ್ರ ಓದಿದೆ. ಪಡಸಾಲೆಗೆ ಉದ್ದನೆಯ ಬೆಂಚು ಮಾಡಬೇಕು, ಸಾಗವಾನಿ ತಂದಿಟ್ಟಾಗಿದೆ, ಡಿಸೈನ್ ಮಾತ್ರ ಹೊಳೆಯುತ್ತಿಲ್ಲ ಅಂತ ಬರೆದಿದ್ದೀಯ. ಮೊಬೈಲ್‌ನಲ್ಲಿ ನೋಡಿದಷ್ಟೂ ಗೊಂದಲ ಜಾಸ್ತಿಯಾಗುತ್ತಿದೆ ಅಂತಲೂ ಹೇಳಿದ್ದೀಯ. ಫೋಟೊದಲ್ಲಿ ಆಕಾರ ಕಾಣುತ್ತದೆ, ಆ ಆಕಾರ ಯಾಕೆ ಬಂತು ಅನ್ನುವುದು ಕಾಣುವುದಿಲ್ಲ. ಅದು ಗೊತ್ತಾಗದೆ ಕೈಗೆ ಧೈರ್ಯ ಬರುವುದಿಲ್ಲ. ಮೊಬೈಲ್ ಬದಿಗಿಟ್ಟು ನಿಮ್ಮ ಗಂಗಾವತಿಯ ಯಾವುದಾದರೂ ಹಳೇ ಮಾಳಿಗೆ ಮನೆಯೊಳಗೆ, ಅಂದರೆ ಮಣ್ಣಿನ ಸಪಾಟು ಚಾವಣಿಯ ಮನೆಯೊಳಗೆ ಹೋಗು.

ಅಲ್ಲಿ ಕಂಬ ನೋಡು. ತೊಲೆ ನೇರವಾಗಿ ಕಂಬದ ತಲೆಯ ಮೇಲೆ ಕೂತಿರುವುದಿಲ್ಲ. ನಡುವೆ ಬೋದಿಗೆ ಅನ್ನುವ ಅಡ್ಡ ಮರದ ತುಂಡು ಇರುತ್ತದೆ, ಎರಡೂ ಕಡೆ ತೋಳು ಚಾಚಿಕೊಂಡು. ಮಾಳಿಗೆಯ ಮಣ್ಣೆಲ್ಲ ಜಂತಿಯ (ಸಾಲಾಗಿ ಹಾಕಿದ ಸಣ್ಣ ಅಡ್ಡಮರಗಳ) ಮೇಲೆ, ಜಂತಿ ತೊಲೆಯ ಮೇಲೆ. ಬೋದಿಗೆಯ ತೋಳು ಎಷ್ಟು ದೂರ ಚಾಚುತ್ತದೋ ಅಷ್ಟು ದೂರ ತೊಲೆಗೆ ಆಸರೆ. ಎರಡು ಕಂಬಗಳ ನಡುವಿನ ಬರಿದಾದ ಭಾಗ ಅಷ್ಟು ಕಿರಿದಾಗುತ್ತದೆ, ತೊಲೆ ಬಾಗುವುದೂ ಕಡಿಮೆ. ತುದಿಯ ಮೊಗ್ಗು, ಕೆಳಗಂಚಿನ ಬಳುಕು ಎಲ್ಲ ಆಮೇಲಿನ ಚೆಂದ.

ನಿನ್ನ ಬೆಂಚಿನ ಕಷ್ಟವೂ ಇದೇ ಅಲ್ವಾ? ಹಲಗೆ ಉದ್ದ, ಮೂರು ಜನ ಕೂತರೆ ನಡು ಬಾಗುತ್ತದೆ. ಕಾಲಿನ ತಲೆಗೆ ಬೋದಿಗೆ ಕೊಡು. ಹಲಗೆಯ ದಪ್ಪವನ್ನೂ ಸ್ವಲ್ಪ ಇಳಿಸಬಹುದು. ಒಂದು ಮಾತು ಮರೀಬೇಡ: ಮರದ ಎಳೆ ತೋಳಿನ ಉದ್ದಕ್ಕೂ ಓಡಬೇಕು. ಎಳೆ ಮೇಲಿಂದ ಕೆಳಕ್ಕೆ ನಿಂತಿದ್ದರೆ ಭಾರ ಬಿದ್ದ ದಿನ ತೋಳು ಸೀಳಿ ಬರುತ್ತದೆ. ಹಳೇ ಬೋದಿಗೆಯ ಹತ್ತಿರ ನಿಂತು ಎಳೆ ಹುಡುಕಿದರೆ ಇದು ನಿನಗೇ ಕಾಣುತ್ತದೆ. ಮೂಲೆಯಲ್ಲಿ ಒಣಗಿ ಬಿರುಕು ಬಿಟ್ಟ ಬೋದಿಗೆ ಸಿಕ್ಕರೆ ಇನ್ನೂ ಒಳ್ಳೆಯದು. ಬಿರುಕು ಎಳೆಯ ದಾರಿಯನ್ನೇ ಹಿಡಿದಿರುತ್ತದೆ.

ಬೆಂಚಿನ ಕಾಲು ಹೇಗಿರಬೇಕು ಅಂತ ತಿಳಿಯಲು ನಮ್ಮ ಕೊಪ್ಪಳ ಜಿಲ್ಲೆಯ ಇಟಗಿಗೆ ಹೋಗು. ಮಹಾದೇವ ದೇವಾಲಯ 1112ರದ್ದು, ಚಾಲುಕ್ಯ ಆರನೇ ವಿಕ್ರಮಾದಿತ್ಯನ ದಂಡನಾಯಕ ಮಹಾದೇವ ಕಟ್ಟಿಸಿದ್ದು. ಶಾಸನ ಅದನ್ನು 'ದೇವಾಲಯ ಚಕ್ರವರ್ತಿ' ಎಂದು ಕರೆದಿದೆ. ನಾವು ಬಡಗಿ ಕೆಲಸದವರು ಅಲ್ಲಿ ಮೊದಲು ನೋಡಬೇಕಾದದ್ದು ಕಂಬಗಳನ್ನು. ಬಳಪದ ಕಲ್ಲನ್ನು ಲೇತ್‌ನಲ್ಲಿ ಮರ ತಿರುಗಿಸುವ ಹಾಗೆಯೇ ತಿರುಗಿಸಿ ಕಡೆದಿದ್ದಾರೆ. ಬಳೆಯಂಥ ಉಬ್ಬು, ಅದರ ಪಕ್ಕ ಆಳದ ಗೆರೆ, ಮತ್ತೆ ಉಬ್ಬು. ಬೆಳಿಗ್ಗೆ ಬೇಗ ಹೋಗು. ಓರೆ ಬಿಸಿಲಿನಲ್ಲಿ ಪ್ರತಿ ಗೆರೆಗೂ ನೆರಳು ಬೀಳುತ್ತದೆ, ಮಧ್ಯಾಹ್ನ ಎಲ್ಲ ಚಪ್ಪಟೆ. ಕ್ಯಾಮೆರಾಕ್ಕಿಂತ ಪೆನ್ಸಿಲ್ ಒಯ್ಯಿ. ಉಬ್ಬಿನ ಅಗಲಕ್ಕೂ ಗೆರೆಯ ಅಗಲಕ್ಕೂ ಲೆಕ್ಕ ಏನು ಅಂತ ಬರೆದುಕೋ. ಎಲ್ಲ ಒಂದೇ ಅಗಲ ಇದ್ದಿದ್ದರೆ ಆ ಕಂಬ ಇಷ್ಟು ಜೀವಂತ ಅನ್ನಿಸುತ್ತಿರಲಿಲ್ಲ.

ಆದರೆ ಹಾಗೇ ನಕಲು ಮಾಡಬೇಡ. ಕಲ್ಲಿನ ಕಂಬ ಮೇಲಿನ ಭಾರ ಹೊತ್ತು ಸುಮ್ನೆ ನಿಂತಿರುತ್ತದೆ. ಬೆಂಚಿನ ಕಾಲನ್ನು ಎಳೀತಾರೆ, ತಳ್ಳುತ್ತಾರೆ, ಮಕ್ಕಳು ಒದೆಯುತ್ತಾರೆ. ಅಲ್ಲಿನಷ್ಟು ತೆಳು ಕುತ್ತಿಗೆ ಮರದಲ್ಲಿ ಮಾಡಿದರೆ ಅಲ್ಲೇ ಮುರಿಯುತ್ತದೆ. ಅಡ್ಡಪಟ್ಟಿ ಬಂದು ಸೇರುವ ಜಾಗವನ್ನು ಚೌಕವಾಗಿಯೇ ಬಿಡು. ತೂತು ಕೊರೆಯಲು, ಪಟ್ಟಿ ಒತ್ತಿ ಕೂರಲು ಸಪಾಟು ಮುಖ ಬೇಕು. ಅದರ ಕೆಳಗೆ ಬೇಕಾದಷ್ಟು ತಿರುಗಿಸು.

ಬೆಂಚಿನ ಅಂಚಿನ ಬಗ್ಗೆ ನೀನು ಕೇಳಿದ್ದೆ. ಆನೆಗೊಂದಿ ದಾರಿಯ ಬಂಡೆಗಳು ನಿನಗೆ ಪಕ್ಕದಲ್ಲೇ ಇವೆ. ಚೌಕವಾಗಿ ಸೀಳಿದ ಕಣಶಿಲೆಯ (ಗ್ರಾನೈಟ್) ಮೂಲೆಗೆ ಬಿಸಿಲು ಮಳೆ ಮೂರು ಕಡೆಯಿಂದ ತಾಗುತ್ತದೆ, ಹಾಗಾಗಿ ಮೂಲೆಯೇ ಮೊದಲು ಸವೆದು ಗುಂಡಾಗುತ್ತದೆ. ಬೆಂಚಿನಲ್ಲೂ ಮೈ ತಾಗುವ ಕಡೆಯೇ ಮೊದಲು ಸವೆಯುವುದು. ಮಂಡಿಯ ಹಿಂದೆ ಬರುವ ಮುಂದಿನ ಅಂಚು, ಎದ್ದೇಳುವಾಗ ಕೈ ಊರುವ ತುದಿ, ಇವಿಷ್ಟನ್ನು ದುಂಡಗೆ ಉಜ್ಜು. ಉಳಿದ ಅಂಚು ಚೂಪಾಗಿ, ನೇರವಾಗಿ ಇರಲಿ. ಎಲ್ಲ ಕಡೆ ಒಂದೇ ಸಮ ಗುಂಡು ಮಾಡಿದ ಪೀಠೋಪಕರಣ ನನಗೆ ಇಷ್ಟವಾಗುವುದಿಲ್ಲ.

ಕೆತ್ತನೆ ಬೇಕೇ ಬೇಕು ಅಂದರೆ ಅಮ್ಮನ ಇಳಕಲ್ ಸೀರೆ ತೆಗೆಸಿ ಕಸೂತಿ ನೋಡು. ನೂಲೆಣಿಸಿ ಹಾಕಿದ ಹೊಲಿಗೆ, ಹಾಗಾಗಿ ಗೋಪುರವಾಗಲಿ ತೇರಾಗಲಿ, ಎಲ್ಲ ನೇರ ಗೆರೆ, ಓರೆ ಗೆರೆಯಲ್ಲೇ ಮುಗಿಯುತ್ತದೆ. ಅದರಲ್ಲೂ ಮುರಿಗೆ ಹೊಲಿಗೆಯ ಮೆಟ್ಟಿಲು ಮೆಟ್ಟಿಲಿನ ಸಾಲನ್ನು ಅಗಲ ಉಳಿಯೊಂದರಲ್ಲೇ ಹಾಕಬಹುದು. ಅಡ್ಡಪಟ್ಟಿಯ ಮೇಲೆ ಒಂದೇ ಸಾಲು ಸಾಕು.

ಕಿನ್ನಾಳದ ಮರದ ಗೊಂಬೆಗಳ ಹಾಗೆ ಬಣ್ಣ ಹಚ್ಚಲಾ ಅಂತ ಕೇಳಿದ್ದೀಯ. ನನಗೆ ಆ ಗೊಂಬೆಗಳೆಂದರೆ ಪ್ರಾಣ. ಆದರೆ ಅವರದು ಹಗುರ ಮರ, ಮೇಲೆ ಹುಣಸೆ ಬೀಜದ ಅಂಟು ಸೇರಿಸಿದ ಕಿಟ್ಟ ಅನ್ನುವ ಲೇಪ, ಅದರ ಮೇಲೆ ಬಣ್ಣ. ಮರ ಕಾಣಲೇಬಾರದು ಅನ್ನುವ ಕೆಲಸ ಅದು. ನಿನ್ನ ಸಾಗವಾನಿಯ ಎಳೆ ಕಾಣಲಿ, ಎಣ್ಣೆ ಸಾಕು.

ಮರ ಕೊಯ್ಯುವ ಮೊದಲು ಹಲಗೆಯ ಉದ್ದ, ಅಗಲ, ದಪ್ಪ ಬರೆದು ಕಳಿಸು. ಬೋದಿಗೆಯ ತೋಳು ಎಷ್ಟು ಚಾಚಬೇಕು ಅಂತ ಕೂತು ಲೆಕ್ಕ ಹಾಕೋಣ. ರಟ್ಟಿನಲ್ಲಿ ಒಂದು ಬೋದಿಗೆ ಕತ್ತರಿಸಿ, ಹಲಗೆಯ ಕೆಳಗೆ ಹಿಡಿದು ದೂರದಿಂದ ನೋಡು. ಭಾರ ಅನ್ನಿಸಿದರೆ ತುದಿಯನ್ನು ಇನ್ನಷ್ಟು ತೆಳುವಾಗಿಸು.

ನಿನ್ನ ಗೆಳೆಯ,
ಕೊಪ್ಪಳದಿಂದ