ತರಗೆಲೆಗೆ ಬೆಂಕಿ ಇಡಲು ಬಿಡದವರಿಗೆ

ಮೊನ್ನೆ ಬೆಳಗ್ಗೆ ಆರರ ಹೊತ್ತಿಗೆ ಗ್ರಂಥಾಲಯದ ಹಿಂದಿನ ರೆಂಜೆ (ಬಕುಳ) ಮರದಡಿ ನವರಂಗ ಕೂಗಿತು. ಎರಡು ಸ್ವರದ ಶಿಳ್ಳೆ, ಸ್ವಲ್ಪ ಬಿಟ್ಟು ಮತ್ತೊಮ್ಮೆ. ಊರುಗೋಲನ್ನು ಬದಿಗಿಟ್ಟು ಕಟ್ಟೆಯ ಮೇಲೆ ಸದ್ದಿಲ್ಲದೆ ಕುಳಿತೆ. ಕೊನೆಗೂ ಹಕ್ಕಿ ಪೊದೆಯಿಂದ ಹೊರಗೆ ಬಂತು. ಹಸಿರು ಬೆನ್ನು, ಕಣ್ಣಿಗೆ ಅಡ್ಡಲಾಗಿ ಕಪ್ಪು ಪಟ್ಟಿ, ಮೋಟು ಬಾಲದ ಕೆಳಗೆ ಕುಂಕುಮದ ಕೆಂಪು. ಒಂದೊಂದೇ ತರಗೆಲೆಯನ್ನು ಕೊಕ್ಕಿನಿಂದ ಮಗುಚಿ ಹಾಕಿ, ತಲೆ ಓರೆ ಮಾಡಿ ನೋಡಿ, ಹುಳ ಹೆಕ್ಕಿ ನುಂಗಿತು. ಹಿಮಾಲಯದ ತಪ್ಪಲಿನಿಂದಲೋ ಮಧ್ಯಭಾರತದ ಕಾಡಿನಿಂದಲೋ ರಾತ್ರಿಯ ಹೊತ್ತು ಹಾರಿ ಹಾರಿ ಬಂದ ಜೀವ. ಕಾಸರಗೋಡು ಜಿಲ್ಲೆಯ ಬದಿಯಡ್ಕದ ನಮ್ಮ ಉದ್ಯಾನದ ಈ ತುಂಡು ನೆಲದಲ್ಲಿ ಅದಕ್ಕೆ ಅನ್ನ ಸಿಕ್ಕಿತು. ಆ ಅನ್ನವನ್ನು ಉಳಿಸಿಕೊಟ್ಟವರು ನೀವು. ಅದಕ್ಕಾಗಿ ಈ ಬರಹ.

ಕಳೆದ ಫೆಬ್ರವರಿಯಲ್ಲಿ ಮನೆಯ ಮೆಟ್ಟಿಲಿನಲ್ಲಿ ಜಾರಿ ಬಿದ್ದು ಸೊಂಟದ ಮೂಳೆ ಮುರಿದುಕೊಂಡೆ. ಮಂಗಳೂರಿನಲ್ಲಿ ಶಸ್ತ್ರಚಿಕಿತ್ಸೆ, ಆಮೇಲೆ ಹಾಸಿಗೆ, ಆಮೇಲೆ ವಾಕರ್. ಜೂನ್ ತಿಂಗಳಿನವರೆಗೆ ಉದ್ಯಾನದ ಗೇಟನ್ನು ನೋಡಲಾಗಲಿಲ್ಲ. ನೋವಿಗಿಂತ ಹೆಚ್ಚಾಗಿ ನನ್ನ ನಿದ್ದೆ ಕೆಡಿಸಿದ್ದು ಆ ನಾಲ್ಕು ತಿಂಗಳ ಬಿಸಿಲು. ನಮ್ಮದು ಮುರಕಲ್ಲಿನ ನೆಲ. ಮಳೆಗಾಲದಲ್ಲಿ ಮೂರು ಸಾವಿರ ಮಿಲಿಮೀಟರಿಗೂ ಹೆಚ್ಚು ಮಳೆ ಸುರಿಯುತ್ತದೆ, ಮಾರ್ಚ್ ಬಂದರೆ ಸಸಿಯ ಬುಡದಲ್ಲಿ ಹಸಿ ಇರುವುದಿಲ್ಲ. ಹಿಂದಿನ ಮಳೆಗಾಲದಲ್ಲಿ ಮಕ್ಕಳು ನೆಟ್ಟ ಕುಂಟಾಲ, ಪುನರ್ಪುಳಿ, ಹೆಬ್ಬಲಸು ಸಸಿಗಳಿಗೆ ಅದು ಮೊದಲ ಬೇಸಿಗೆ. ಮೊದಲ ಬೇಸಿಗೆ ದಾಟಿದರೆ ಗಿಡ ಬದುಕಿತು ಎಂದೇ ಲೆಕ್ಕ.

ದಾಟಿಸಿದಿರಿ. ಗೇಟಿನ ಎದುರಿನ ಅಂಗಡಿಯ ಕಾಕ ಪಂಪಿನ ಬೀಗದ ಕೈಯನ್ನು ಇಟ್ಟುಕೊಂಡು, ಸಂಜೆ ಅಂಗಡಿಗೆ ಬಂದ ಹುಡುಗರನ್ನೆಲ್ಲ ಒಂದೊಂದು ಕೊಡ ನೀರಿಗೆ ಕಳುಹಿಸಿದರಂತೆ. ಏಪ್ರಿಲ್‌ನಲ್ಲಿ ಬಾವಿಯ ತಳ ಕಂಡಾಗ ಮೇಲಿನ ಮನೆಯ ಭಟ್ಟರು ತಮ್ಮ ಸುರಂಗದ ನೀರನ್ನು ಪೈಪಿನಲ್ಲಿ ಬಿಟ್ಟರು. ಗುಡ್ಡದ ಒಡಲಿಗೆ ಅಡ್ಡಲಾಗಿ ಕೊರೆದ ಆ ಸುರಂಗ ಅವರ ಅಜ್ಜನ ಕಾಲದ್ದು. ಪಂಪು ಬೇಡ, ಕರೆಂಟು ಬೇಡ, ನೀರು ತಾನಾಗಿ ಇಳಿದು ಬರುತ್ತದೆ. ಅವರ ಅಡಿಕೆ ತೋಟಕ್ಕೇ ನೀರು ಸಾಲದ ವರ್ಷವದು. ಹಾಗಿದ್ದರೂ ಕೊಟ್ಟರು. ಭಟ್ಟರೇ, ಇದನ್ನು ನಾನು ಮರೆಯುವುದಿಲ್ಲ.

ಉದ್ಯೋಗ ಖಾತರಿಯ ಅಕ್ಕಂದಿರು ಪ್ರತಿ ಸಸಿಯ ಸುತ್ತ ಗುಂಡಿ ತೆಗೆದು ತೆಂಗಿನ ಸಿಪ್ಪೆಯನ್ನು ಗುಳಿಯಾದ ಒಳಮೈ ಮೇಲಾಗಿ ಜೋಡಿಸಿ ಮಣ್ಣು ಮುಚ್ಚಿದ್ದರು. ಹಾಗೆ ಇಟ್ಟರೆ ಸಿಪ್ಪೆ ನೀರನ್ನು ಹೀರಿ ಹಿಡಿದುಕೊಂಡು ಬೇರಿಗೆ ನಿಧಾನವಾಗಿ ಬಿಟ್ಟುಕೊಡುತ್ತದೆ. 1916ರಿಂದ ತೆಂಗಿನ ಸಂಶೋಧನೆ ನಡೆಯುತ್ತಿರುವ ಕಾಸರಗೋಡಿನಲ್ಲಿ ಈ ಕ್ರಮ ಹೊಸದಲ್ಲ. ಆದರೆ ಸುಡುಬಿಸಿಲಿನಲ್ಲಿ ಮುರಕಲ್ಲಿಗೆ ಹಾರೆ ಹಾಕಿದವರ ಅಂಗೈಯ ಬೊಕ್ಕೆ ನನಗೆ ಗೊತ್ತು.

ಇದಕ್ಕಿಂತಲೂ ದೊಡ್ಡ ಉಪಕಾರ ಇನ್ನೊಂದಿದೆ. ಮೇ ತಿಂಗಳಲ್ಲಿ ಮಳೆಗಾಲಪೂರ್ವ ಸ್ವಚ್ಛತೆಗೆಂದು ಬಂದವರು ತರಗೆಲೆಯನ್ನೆಲ್ಲ ಗುಡಿಸಿ ಬೆಂಕಿ ಕೊಡಲು ಹೊರಟಾಗ, ಇದೇ ಅಕ್ಕಂದಿರು ಅಡ್ಡ ನಿಂತರು. "ಪ್ಲಾಸ್ಟಿಕ್ ಹೆಕ್ಕಿಕೊಳ್ಳಿ, ಎಲೆ ಇಲ್ಲೇ ಇರಲಿ, ಟೀಚರ್ ಅದನ್ನು ಹಕ್ಕಿಗಳಿಗೆಂದು ಬಿಟ್ಟದ್ದು" ಎಂದರಂತೆ. ಇದನ್ನು ಫೋನಿನಲ್ಲಿ ಕೇಳಿದ ದಿನ ನಾನು ಅತ್ತೆ. ಎಷ್ಟೋ ವರ್ಷಗಳಿಂದ ಹೇಳುತ್ತಾ ಬಂದ ಮಾತು ನನ್ನ ಬೆನ್ನ ಹಿಂದೆಯೂ ನಿಂತಿತ್ತು. ಎಲೆಯಡಿ ಗೆದ್ದಲು, ಎರೆಹುಳ, ಜೀರುಂಡೆ ಇಲ್ಲದಿದ್ದರೆ ನವರಂಗಕ್ಕೆ ಇಲ್ಲಿ ಏನು ಕೆಲಸ?

ಏಳನೆಯ ತರಗತಿಯ ಮಕ್ಕಳೇ, ನಿಮ್ಮ ನೋಟುಪುಸ್ತಕ ಈಗ ನನ್ನ ಮೇಜಿನ ಮೇಲಿದೆ. ದಾಸವಾಳದ ಗೆಲ್ಲಿನಲ್ಲಿ ಸೂರಕ್ಕಿ (ಸನ್‌ಬರ್ಡ್) ಗೂಡು ಕಟ್ಟಿದ್ದನ್ನು ಮೊದಲು ಕಂಡವಳು ಅದನ್ನು "ಕಸ ಅಂದುಕೊಂಡೆ" ಎಂದು ಬರೆದಿದ್ದಾಳೆ. ಸರಿಯಾಗಿಯೇ ಕಂಡಿದ್ದಾಳೆ. ಜೇಡರ ಬಲೆಗೆ ತೊಗಟೆಯ ಚೂರು, ಒಣ ಎಲೆ, ಕಂಬಳಿಹುಳದ ಹಿಕ್ಕೆ ಅಂಟಿಸಿ, ಜೋತುಬಿದ್ದ ಕಸದಂತೆ ಕಾಣುವ ಹಾಗೆಯೇ ಆ ಹಕ್ಕಿ ಗೂಡು ನೇಯುತ್ತದೆ. ಮರಿಗಳು ಹಾರುವವರೆಗೆ ನೀವು ಕಾಲುದಾರಿಗೆ ಹಗ್ಗ ಕಟ್ಟಿ, ಎಲ್ಲರನ್ನೂ ಬಾವಿಯ ಬದಿಯಿಂದ ಸುತ್ತಿಸಿದಿರಿ. ಗೂಡಿನೊಳಗೆ ಯಾರೂ ಇಣುಕಲಿಲ್ಲ ಎಂದು ಕೆಂಪು ಶಾಯಿಯಲ್ಲಿ ಬರೆದಿದ್ದೀರಿ. ಆ ಸಾಲನ್ನು ನಾನು ಮತ್ತೆ ಮತ್ತೆ ಓದುತ್ತೇನೆ.

ಎಲ್ಲವೂ ಉಳಿಯಲಿಲ್ಲ. ಎರಡು ಪುನರ್ಪುಳಿ ಒಣಗಿದವು. ಆ ಜಾಗದಲ್ಲಿ ಮಳೆ ಹಿಡಿದ ಮೇಲೆ ಕಾಸರಕ ನೆಟ್ಟಿದ್ದೇವೆ. 2023ರಲ್ಲಿ ಜಿಲ್ಲೆಯ ಮರವೆಂದು ಘೋಷಣೆಯಾದದ್ದು ಅದೇ. ಕಾಸರಗೋಡು ಎಂಬ ಹೆಸರು ಬಂದದ್ದೇ ಆ ಮರದಿಂದ ಎನ್ನುವ ಮಾತೂ ಉಂಟು. ಅದರ ಬೀಜ ವಿಷ, ಸಣ್ಣ ಮಕ್ಕಳಿಗೆ ತಿಳಿಸಿ ಹೇಳಿ.

ಈಗ ಮಳೆ ಬಿಟ್ಟಿದೆ, ಸಿಪ್ಪೆ ತುಂಬಲು ಇದೇ ಹದ. ಮನೆಯಲ್ಲಿ ಕಾಯಿ ಸುಲಿದವರು ಸಿಪ್ಪೆಯನ್ನು ಗೇಟಿನ ಒಳಗೆ ಎಡಬದಿಯಲ್ಲಿ ಹಾಕಿಬಿಡಿ. ರೆಂಜೆಯ ಬುಡಕ್ಕೆ ಮಾತ್ರ ಬೇಡ, ಅಲ್ಲಿ ಹಕ್ಕಿ ಇದೆ. ಸಂಜೆ ನಾಲ್ಕರಿಂದ ನಾನು ಕಟ್ಟೆಯ ಮೇಲೆ ಇರುತ್ತೇನೆ.