ಮಗಳಿಗೊಂದು ಪತ್ರ: ‘ಅವನು ಹೇಳುವುದೆಲ್ಲ ತಪ್ಪೇನಲ್ಲ’

ಮುಧೋಳ

ಮಗಳೇ, ಅಪ್ಪನ ಆಶೀರ್ವಾದಗಳು.

ಇಲ್ಲಿ ಎಲ್ಲರೂ ಕ್ಷೇಮ. ನಿನ್ನ ಅವ್ವನ ಮೊಣಕಾಲು ಮಾತ್ರ ಅವಳ ಮಾತು ಕೇಳುತ್ತಿಲ್ಲ. ಕಬ್ಬು ಹೊಲದಲ್ಲೇ ನಿಂತಿದೆ, ಕಟಾವಿನ ಗ್ಯಾಂಗು ನಮ್ಮ ಸರದಿಗೆ ಬರಲು ಇನ್ನೂ ಹದಿನೈದು ದಿನವಾದರೂ ಬೇಕು. ಫೋನಿನಲ್ಲಿ ಮುಗಿಯುವ ಮಾತಿಗೆ ಅಪ್ಪ ಕಾಗದ ಹಿಡಿದು ಕುಳಿತನಲ್ಲ ಎಂದು ನಗಬೇಡ. ಫೋನಿನಲ್ಲಿ ನೀನು ನಡುವೆ ಬಾಯಿ ಹಾಕುತ್ತೀಯ, ನನಗೆ ಸಿಟ್ಟು ಬರುತ್ತದೆ, ಅಷ್ಟರಲ್ಲಿ ಅವ್ವ ಫೋನು ಕಸಿದುಕೊಂಡು ಊಟವಾಯಿತೇ ಎಂದು ಕೇಳುತ್ತಾಳೆ. ಮಾತು ಅಲ್ಲಿಗೇ ನಿಲ್ಲುತ್ತದೆ.

ಮೊನ್ನೆ ರವಿವಾರ ನೀನು ಆಡಿದ ಒಂದು ಮಾತು ತಲೆಯಿಂದ ಇಳಿಯುತ್ತಿಲ್ಲ. ಖಾಲಿ ಹುದ್ದೆಗಳನ್ನು ತುಂಬಿರೆಂದು ಧಾರವಾಡದಲ್ಲಿ ನೀವು ಕಟ್ಟಿಕೊಂಡ ಗುಂಪಿಗೆ ಹೊಸ ಹುಡುಗನೊಬ್ಬ ಬಂದಿದ್ದಾನೆ. ಬ್ಯಾನರು ಬರೆಸುವುದರಿಂದ ಹಿಡಿದು ಮೈಕು ಹೊರುವವರೆಗೆ ಎಲ್ಲದಕ್ಕೂ ಮುಂದೆ. ಈಗೀಗ ಸಭೆಯಲ್ಲಿ ಅವನು, ನಮ್ಮ ಹುದ್ದೆ ತಿನ್ನುತ್ತಿರುವವರು ಸರ್ಕಾರದವರಲ್ಲ, ‘ಅವರು’ ಎನ್ನುತ್ತಿದ್ದಾನೆ. ಯಾರು ಆ ಅವರು ಎಂದು ನಾನು ಕೇಳಿದೆ. ನೀನು ಸ್ವಲ್ಪ ತಡೆದು, ‘ಅವನು ಹೇಳುವುದೆಲ್ಲ ತಪ್ಪೇನಲ್ಲ ಅಪ್ಪಾ’ ಎಂದೆ.

ನಿಜ, ಎಲ್ಲವೂ ತಪ್ಪಲ್ಲ. ನನಗೆ ರಾತ್ರಿ ನಿದ್ದೆ ಬರದಿದ್ದದ್ದೂ ಅದಕ್ಕೇ.

ಫ್ಯಾಸಿಸಂ ಎಂಬ ಶಬ್ದವನ್ನು ನಾನು ಸುಮ್ಮನೆ ಎತ್ತುವವನಲ್ಲ. ಟಿವಿ ರಿಮೋಟ್ ಕೊಡದಿದ್ದಾಗ ನೀನು ನನ್ನನ್ನೂ ಫ್ಯಾಸಿಸ್ಟ್ ಎಂದಿದ್ದೆ. ಕಠಿಣ ಮಾತಿನವರನ್ನೆಲ್ಲ, ನಮಗೆ ಆಗದವರನ್ನೆಲ್ಲ ಹಾಗೆ ಕರೆಯುತ್ತಾ ಹೋದರೆ ನಿಜವಾದದ್ದು ಬಂದ ದಿನ ಕೂಗಲು ಹೆಸರೇ ಉಳಿಯುವುದಿಲ್ಲ. ಆ ಹುಡುಗ ಏನು ಎಂಬುದು ನನಗೆ ಗೊತ್ತಿಲ್ಲ. ಅವನು ನಡೆಯುತ್ತಿರುವ ದಾರಿ ಮಾತ್ರ ಗೊತ್ತು. ಮೂವತ್ತು ವರ್ಷ ಹೈಸ್ಕೂಲಿನಲ್ಲಿ ಇತಿಹಾಸ ಕಲಿಸಿದೆ. ನಮ್ಮ ಪಾಠಗಳಲ್ಲಿ ಈ ಸರ್ವಾಧಿಕಾರಿಗಳು ಸಿಡಿಲಿನ ಹಾಗೆ ಮೇಲಿನಿಂದ ಬೀಳುತ್ತಿದ್ದರು. ಅವರು ಪಕ್ಕದ ಮನೆಯ ಬಾಗಿಲಿನಿಂದ, ಚಪ್ಪಲಿ ಹೊರಗೆ ಬಿಟ್ಟು, ಒಳಗೆ ಬಂದವರು ಎಂಬುದನ್ನು ನಾನು ಒಂದು ದಿನವೂ ಮಕ್ಕಳಿಗೆ ಹೇಳಲಿಲ್ಲ. ನನಗೇ ತಿಳಿದಿರಲಿಲ್ಲ.

ಫ್ಯಾಸಿಸಂ ಎಂಬ ಆ ಹೆಸರೇ ಕಡ ತಂದದ್ದು. ಇಟಲಿಯ ಭಾಷೆಯಲ್ಲಿ ‘ಫಾಶೊ’ ಎಂದರೆ ಕಟ್ಟು, ನಮ್ಮ ಜೋಳದ ಸಿವುಡು ಇದ್ದ ಹಾಗೆ. 1890ರ ದಶಕದಲ್ಲಿ ಸಿಸಿಲಿಯ ಗೇಣಿ ರೈತರು ಮತ್ತು ಗಂಧಕದ ಗಣಿಯ ಕೂಲಿಗಳು ತಮ್ಮ ಸಂಘಗಳಿಗೆ ಇಟ್ಟುಕೊಂಡ ಹೆಸರು ಅದು. ಒಂದೊಂದು ದಂಟನ್ನು ಮುರಿಯಬಹುದು, ಸಿವುಡನ್ನು ಮುರಿಯಲಾಗದು ಎಂಬ ಬಡವರ ಲೆಕ್ಕ. ಸರ್ಕಾರ 1894ರಲ್ಲಿ ಸೈನ್ಯ ಕಳುಹಿಸಿ ಅವರನ್ನು ತುಳಿಯಿತು. ಇಪ್ಪತ್ತೈದು ವರ್ಷಗಳ ಮೇಲೆ ಅದೇ ಶಬ್ದವನ್ನು ಎತ್ತಿಕೊಂಡು ಮುಸ್ಸೋಲಿನಿ 1919ರ ಮಾರ್ಚ್ 23ರಂದು ಮಿಲಾನಿನಲ್ಲಿ ಸಭೆ ಕರೆದ. ಅವನು ಕಮ್ಮಾರನ ಮಗ, ಸಮಾಜವಾದಿ ಪಕ್ಷದ ಪತ್ರಿಕೆಗೆ ಸಂಪಾದಕನಾಗಿದ್ದವನು, 1914ರಲ್ಲಿ ಯುದ್ಧದ ಪರ ನಿಂತು ಪಕ್ಷದಿಂದ ಹೊರಬಿದ್ದವನು. ಅವನ ಆ ವರ್ಷದ ಬೇಡಿಕೆಗಳನ್ನು ನೋಡು: ದಿನಕ್ಕೆ ಎಂಟು ಗಂಟೆ ಕೆಲಸ, ಹೆಂಗಸರಿಗೆ ಮತದಾನದ ಹಕ್ಕು, ಯುದ್ಧದಲ್ಲಿ ಲಾಭ ಹೊಡೆದವರ ಮೇಲೆ ಭಾರೀ ತೆರಿಗೆ. ನಿಮ್ಮ ಗುಂಪಿನ ಕರಪತ್ರವೇ ಎನಿಸುತ್ತದೆ. ಅಷ್ಟೆಲ್ಲ ಹೇಳಿಯೂ ಆ ವರ್ಷದ ಚುನಾವಣೆಯಲ್ಲಿ ಒಂದು ಸ್ಥಾನವೂ ಸಿಗಲಿಲ್ಲ.

ಮುಂದಿನ ಎರಡು ವರ್ಷಗಳಲ್ಲಿ ಅವರ ತಂಡಗಳು ಪೋ ನದಿಯ ಬಯಲಿನಲ್ಲಿ ಜಮೀನುದಾರರ ದುಡ್ಡು ಪಡೆದು ಕೂಲಿಕಾರರ ಸಂಘಗಳ ಕಚೇರಿಗಳನ್ನು ಸುಟ್ಟವು. ಸುಟ್ಟ ಮೇಲೆ ಅದೇ ಕೂಲಿಗಳನ್ನು ತಮ್ಮ ಸಂಘಕ್ಕೆ ಸೇರಿಸಿಕೊಂಡವು. ಮುತ್ಸದ್ದಿಗಳು ಏನು ಮಾಡಿದರು ಎನ್ನುತ್ತೀಯಾ? 1921ರಲ್ಲಿ ಹಳೆಯ ಹುಲಿ, ಪ್ರಧಾನಿ ಜೊಲಿಟ್ಟಿ, ಇವರನ್ನು ತನ್ನ ಮೈತ್ರಿಕೂಟದ ಪಟ್ಟಿಯಲ್ಲಿ ಸೇರಿಸಿಕೊಂಡ, ಒಳಗೆ ಬಂದರೆ ಪಳಗುತ್ತಾರೆ ಎಂದು. 35 ಜನ ಸಂಸತ್ತಿಗೆ ಹೋದರು. ಮರುವರ್ಷ ಅಕ್ಟೋಬರಿನಲ್ಲಿ ಮುಸ್ಸೋಲಿನಿ ರೈಲಿನಲ್ಲಿ ರೋಮ್‌ಗೆ ಬಂದು ಪ್ರಧಾನಿಯಾದ. ಮೊದಲ ಸಂಪುಟದಲ್ಲಿ ಬೇರೆ ಪಕ್ಷದವರೂ ಕುಳಿತಿದ್ದರು, ತಾವೇ ಲಗಾಮು ಹಿಡಿದಿದ್ದೇವೆ ಎಂದುಕೊಂಡು. 1924ರ ಜೂನಿನಲ್ಲಿ ಎದುರು ಮಾತನಾಡಿದ ಸಂಸದ ಮತ್ತೆಯೊಟ್ಟಿಯ ಕೊಲೆಯಾಯಿತು. ಆ ಡಿಸೆಂಬರ್ 26 ಮತ್ತು 27ರಂದು ನಮ್ಮ ಬೆಳಗಾವಿಯಲ್ಲಿ ಗಾಂಧೀಜಿ ಕಾಂಗ್ರೆಸ್ ಅಧ್ಯಕ್ಷರಾಗಿ ಕುಳಿತಿದ್ದರು. ನನ್ನ ಅಜ್ಜ ಮುಧೋಳ ಸಂಸ್ಥಾನದಿಂದ ಗಾಡಿ ಕಟ್ಟಿಕೊಂಡು ಹೋಗಿ ನೋಡಿಬಂದಿದ್ದ. ಅಧಿವೇಶನ ಮುಗಿದು ಸರಿಯಾಗಿ ಒಂದು ವಾರಕ್ಕೆ, 1925ರ ಜನವರಿ 3ರಂದು, ಮುಸ್ಸೋಲಿನಿ ಸಂಸತ್ತಿನಲ್ಲಿ ಎದ್ದು ನಿಂತು ನಡೆದದ್ದಕ್ಕೆಲ್ಲ ತಾನೇ ಹೊಣೆ ಎಂದ. ಏನು ಮಾಡುತ್ತೀರಿ ಎಂಬ ಧಾಟಿ. ಯಾರೂ ಏನೂ ಮಾಡಲಿಲ್ಲ.

ಆದರೆ ರೈತನಾಗಿ ನನ್ನ ಹೊಟ್ಟೆಗೆ ತಾಗುವ ಕಥೆ ಜರ್ಮನಿಯದು. ಉತ್ತರ ತುದಿಯಲ್ಲಿ ಶ್ಲೆಸ್ವಿಗ್ ಹೋಲ್‌ಸ್ಟೈನ್ ಎಂಬ ಸೀಮೆ ಇದೆ. ದನ, ಹಂದಿ ಸಾಕುವ ರೈತರ ನಾಡು. ಬೆಲೆ ಕುಸಿದಿತ್ತು, ಸಾಲ ಏರಿತ್ತು, ಮನೆ ಹೊಲ ಹರಾಜಿಗೆ ಬರುತ್ತಿದ್ದವು. 1928ರ ಜನವರಿಯಲ್ಲಿ ಒಂದೇ ದಿನ ಒಂದು ಲಕ್ಷಕ್ಕೂ ಹೆಚ್ಚು ರೈತರು ಬೀದಿಗೆ ಇಳಿದರು. ಅದು ಹಿಟ್ಲರನ ಪಕ್ಷದವರಾದ ನಾಜಿಗಳ ಚಳವಳಿಯಾಗಿರಲಿಲ್ಲ, ರೈತರದೇ ಆಗಿತ್ತು. ಆ ಮೇ ತಿಂಗಳ ಚುನಾವಣೆಯಲ್ಲಿ ಅಲ್ಲಿ ನಾಜಿಗಳಿಗೆ ನೂರಕ್ಕೆ ನಾಲ್ಕು ಮತ. 1930ರಿಂದ ಡಾರೆ ಎಂಬವನು ಪಕ್ಷಕ್ಕೆ ಕೃಷಿ ವಿಭಾಗ ಕಟ್ಟಿದ. ಹೊಸ ಸಂಘ ಕಟ್ಟುವ ಗೋಜಿಗೆ ಹೋಗದೆ ಇದ್ದ ಸಂಘಗಳ ಒಳಗೇ ಸೇರಿಕೊಳ್ಳುವುದು, ಕಾರ್ಯದರ್ಶಿಯ ಕುರ್ಚಿಯೋ ಖಜಾಂಚಿಯ ಕುರ್ಚಿಯೋ ಹಿಡಿಯುವುದು ಅವನ ಉಪಾಯ. 1931ರ ಕೊನೆಗೆ ದೇಶದ ಅತಿ ದೊಡ್ಡ ಭೂಹಿಡುವಳಿದಾರರ ಒಕ್ಕೂಟದ ಅಧ್ಯಕ್ಷರಲ್ಲಿ ಒಬ್ಬ ನಾಜಿಯಾಗಿದ್ದ. 1932ರ ಜುಲೈಯಲ್ಲಿ ಆ ಸೀಮೆಯಲ್ಲಿ ಅವರಿಗೆ ನೂರಕ್ಕೆ 51 ಮತ.

ಗೆದ್ದ ಮೇಲೆ ರೈತನಿಗೆ ಏನು ಸಿಕ್ಕಿತು? 1933ರ ಸೆಪ್ಟೆಂಬರಿನಲ್ಲಿ ಒಂದು ಕಾಯಿದೆ. ಅದರಡಿ ಬಂದ ಹೊಲವನ್ನು ಮಾರುವಂತಿಲ್ಲ, ಅಡ ಇಡುವಂತಿಲ್ಲ. 1800ರಿಂದ ಈಚೆಗೆ ವಂಶದಲ್ಲಿ ಯಹೂದಿ ರಕ್ತ ಬೆರೆತಿಲ್ಲ ಎಂದು ತೋರಿಸಿದವನು ಮಾತ್ರ ‘ರೈತ’. ಹೊಲ ಯಾರಿಗೆ ಹೋಗಬೇಕು ಎಂಬ ಸರದಿ ಗೊತ್ತೇನು? ಮೊದಲು ಗಂಡುಮಕ್ಕಳು, ಆಮೇಲೆ ಸತ್ತವನ ಅಪ್ಪ, ಆಮೇಲೆ ಅಣ್ಣತಮ್ಮಂದಿರು, ಅವರೆಲ್ಲ ಆದ ಮೇಲೆ ಮಗಳು. ನಮ್ಮ ಎರಡೂವರೆ ಎಕರೆಗೆ ಆ ಕಾಯಿದೆ ಬಂದಿದ್ದರೆ ನಿನ್ನ ಕಾಕಾ ಬಹಳ ಸಂತೋಷಪಡುತ್ತಿದ್ದ.

ಕಾರ್ಮಿಕರಿಗೆ ಮಾಡಿದ್ದಂತೂ ಇನ್ನೂ ನಯವಾದ ಕೆಲಸ. ಅವರು ಎಷ್ಟೋ ವರ್ಷಗಳಿಂದ ಕೇಳುತ್ತಿದ್ದ ಮೇ ದಿನದ ರಜೆಯನ್ನು 1933ರಲ್ಲಿ ಹಿಟ್ಲರ್ ಕೊಟ್ಟ. ಮೇ 1ರಂದು ಮೆರವಣಿಗೆ. ಮೇ 2ರ ಬೆಳಿಗ್ಗೆ ಸಂಘಗಳ ಕಚೇರಿಗಳಿಗೆ ನುಗ್ಗಿ ಮುಂದಾಳುಗಳನ್ನು ಹಿಡಿದುಕೊಂಡು ಹೋದರು.

ಈಗ ನನ್ನ ಕಥೆ. ನಿನಗೆ ಇದನ್ನು ಎಂದೂ ಹೇಳಿಲ್ಲ.

ನೀನು ಏಳನೇ ಇಯತ್ತೆಯಲ್ಲಿದ್ದಾಗ ನಮ್ಮ ಕಬ್ಬಿನ ಬಿಲ್ಲು ಎಂಟು ತಿಂಗಳು ಬಾಕಿ ಉಳಿದಿತ್ತು. ಕಬ್ಬು ಕೊಟ್ಟ 14 ದಿನಗಳಲ್ಲಿ ಹಣ ಕೊಡಬೇಕು, ತಪ್ಪಿದರೆ ವರ್ಷಕ್ಕೆ ಶೇಕಡಾ 15 ಬಡ್ಡಿ ಸೇರಿಸಬೇಕು ಎಂದು 1966ರ ಕಬ್ಬು ನಿಯಂತ್ರಣ ಆದೇಶದಲ್ಲೇ ಇದೆ. ಅದನ್ನೇ ಹಿಡಿದು ನಾವು ಕೂಡಿದೆವು. ಬರವಣಿಗೆ ಬರುತ್ತದೆ ಎಂದು ನನ್ನನ್ನು ಕಾರ್ಯದರ್ಶಿ ಮಾಡಿದರು. ಮೂರನೇ ವಾರ ಒಬ್ಬ ಹುಡುಗ ಬಂದ. ಅವನಂಥ ಕೆಲಸಗಾರನನ್ನು ನಾನು ಕಂಡಿಲ್ಲ. ರಾತ್ರಿ ಹನ್ನೊಂದಕ್ಕೆ ಶಾಮಿಯಾನ ಬಿಚ್ಚಿ, ಕುರ್ಚಿ ಎಣಿಸಿ, ನಸುಕಿನಲ್ಲಿ ಮತ್ತೆ ಹಾಜರು. ನಾವೆಲ್ಲ ದಣಿದಿದ್ದೆವು. ‘ಅವನಿದ್ದರೆ ಸಾಕು’ ಎಂಬುದು ನಮ್ಮ ಬಾಯಲ್ಲಿ ಮಂತ್ರವಾಯಿತು. ರಾಜಕಾರಣದಲ್ಲಿ ಭಕ್ತಿ ಅವನತಿಗೂ ಕೊನೆಗೆ ಸರ್ವಾಧಿಕಾರಕ್ಕೂ ದಾರಿ ಎಂದು ಅಂಬೇಡ್ಕರ್ 1949ರ ನವೆಂಬರ್ 25ರಂದು ಸಂವಿಧಾನ ಸಭೆಯಲ್ಲಿ ಹೇಳಿದ್ದು ನಿನ್ನ ಪರೀಕ್ಷೆಗೂ ಬರುತ್ತದೆ. ಅದು ದೊಡ್ಡ ನಾಯಕರಿಗೆ ಮಾತ್ರ ಹೇಳಿದ ಮಾತು ಎಂದುಕೊಂಡಿದ್ದೆ. ಕುರ್ಚಿ ಎಣಿಸುವವನ ಮೇಲೂ ಭಕ್ತಿ ಹುಟ್ಟುತ್ತದೆ.

ಮೊದಮೊದಲು ಅವನೂ ಕಾರ್ಖಾನೆಯವರನ್ನೇ ಬೈಯುತ್ತಿದ್ದ. ಆಮೇಲೆ, ಕಟಾವಿನ ಗ್ಯಾಂಗಿನವರು ಹೆಚ್ಚಿನ ಹಣ ಕೀಳುತ್ತಾರೆ ಎಂದ. ಅದೂ ಸುಳ್ಳಲ್ಲ. ನಾನೂ ಕೊಟ್ಟವನೇ. ಆಮೇಲೆ, ಅವರು ಹೊರಗಿನವರು ಎಂದ. ಆಮೇಲೆ ಅವರ ಜಾತಿ ಬಂತು, ದೇವರು ಬಂತು. ಕಾರ್ಖಾನೆಯ ಮಾಲೀಕರ ಹೆಸರು ಭಾಷಣದಲ್ಲಿ ಯಾವಾಗ ಬಿಟ್ಟುಹೋಯಿತೋ ನಮಗೆ ತಿಳಿಯಲೇ ಇಲ್ಲ. ಮಹಾರಾಷ್ಟ್ರದ ಬೀಡ ಕಡೆಯಿಂದ ಬಂದಿದ್ದ ಆ ಜನ ರಸ್ತೆಯ ಪಕ್ಕದಲ್ಲಿ ತಾಡಪತ್ರಿ ಮತ್ತು ರವದಿ ಹೊದಿಸಿದ ಗುಡಿಸಲುಗಳಲ್ಲಿ ಇದ್ದರು, ನೀರಿಗೆ ನಮ್ಮ ಊರಿನ ಬೋರಿಗೆ ಬರುತ್ತಿದ್ದರು. ಒಂದು ಸಂಜೆ ಸಭೆ ಮುಗಿಸಿ ಹೊರಟಾಗ ಬೋರಿನ ಹತ್ತಿರ ಒಬ್ಬ ಹೆಂಗಸು ತುಂಬಿದ ಕೊಡವನ್ನು ಎತ್ತಿ ಸೊಂಟಕ್ಕೆ ಇಟ್ಟುಕೊಳ್ಳುತ್ತಿದ್ದಳು. ಅವನು ಕಾಲಿನಿಂದ ಕೊಡವನ್ನು ಒದ್ದ. ಪ್ಲಾಸ್ಟಿಕ್ ಕೊಡ, ಉರುಳುತ್ತಾ ಹೋಗಿ ನನ್ನ ಕಾಲಿನ ಹತ್ತಿರ ನಿಂತಿತು. ಅವಳು ಅದನ್ನು ನೋಡಲಿಲ್ಲ, ನನ್ನನ್ನು ನೋಡಿದಳು. ಬಿಳಿ ಅಂಗಿ, ಕಿಸೆಯಲ್ಲಿ ಪೆನ್ನು. ಮಾಸ್ತರರೆಂದು ಗೊತ್ತಾಗುವ ಹಾಗಿದ್ದೆ. ಮರುದಿನ ರಸ್ತೆ ತಡೆ ಇತ್ತು. ಮುನ್ನೂರು ಜನರನ್ನು ಕರೆತರುವ ಹೊಣೆ ಅವನದು. ನಾನು ಕೊಡ ಎತ್ತಿ ಕೊಡಲಿಲ್ಲ. ದಾಟಿಕೊಂಡು ಬಂದೆ.

ರಸ್ತೆ ತಡೆ ಚೆನ್ನಾಗಿ ಆಯಿತು. ಬಾಕಿ ಹಣ ಅರ್ಧ ಬಂತು, ಬಡ್ಡಿಯ ಮಾತನ್ನು ಯಾರೂ ಎತ್ತಲಿಲ್ಲ. ಗ್ಯಾಂಗು ರಾತ್ರೋರಾತ್ರಿ ಗುಡಿಸಲು ಬಿಚ್ಚಿಕೊಂಡು ಹೋಯಿತು, ನಿಂತ ಕಬ್ಬು ಒಣಗಿತು. ವರ್ಷ ತುಂಬುವುದರೊಳಗೆ ಸಂಘದ ಫಲಕ ಉಳಿದು ಸಂಘ ಬೇರೆಯವರದಾಯಿತು.

ಗುಂಪು ಬಿಟ್ಟು ಬಾ ಎಂದು ಬರೆಯುತ್ತೇನೆ ಎಂದುಕೊಂಡಿದ್ದೆಯೇನೋ. ಬಿಡಬೇಡ. ನಾನು ಬಿಟ್ಟೆ, ಅದು ಅವನಿಗೆ ಅನುಕೂಲವಾಯಿತು. ಅವನ ಹಿಂದೆ ಅವನ ಬಗ್ಗೆ ಗುಸುಗುಸು ಮಾಡುವುದೂ ಬೇಡ. ಮುಂದಿನ ಸಭೆಯಲ್ಲಿ ಎಲ್ಲರ ಎದುರಿಗೆ ಅವನನ್ನು ಇಷ್ಟೇ ಕೇಳು: ಅಧಿಸೂಚನೆಗೆ ಸಹಿ ಹಾಕಬೇಕಾದವರು ಯಾರು? ನೀನು ‘ಅವರು’ ಎನ್ನುವವರಲ್ಲಿ ಒಬ್ಬರಾದರೂ ಆ ಕುರ್ಚಿಯಲ್ಲಿ ಇದ್ದಾರೆಯೇ? ಮೈಕು, ದುಡ್ಡು, ವಾಟ್ಸ್‌ಆ್ಯಪ್ ಗುಂಪಿನ ಹಿಡಿತ ಇವು ಮೂರೂ ಒಬ್ಬನ ಕೈಯಲ್ಲಿದ್ದರೆ ತಿಂಗಳಿಗೊಮ್ಮೆ ಕೈ ಬದಲಿಸಿ. ಕೆಲಸಗಾರನಿಗೆ ವಿಶ್ರಾಂತಿ ಎಂದು ಹೇಳಿ, ಅವನೇನು ಅನ್ನುತ್ತಾನೋ ನೋಡು.

ಇನ್ನೊಂದು. ನಿನ್ನ ಕೋಣೆಯ ಗೆಳತಿ ಎರಡು ಸಭೆಗೆ ಬಂದಿಲ್ಲ, ಓದು ಬಹಳ ಇದೆಯಂತೆ ಎಂದೆ. ರಂಜಾನಿಗೆ ನಮ್ಮ ಮನೆಗೆ ಸುರಕುಂಬಾ ಡಬ್ಬಿ ಕಳುಹಿಸಿದ ಹುಡುಗಿ ತಾನೇ? ಗುಂಪು ಕಟ್ಟಿದ ಮೊದಲ ಐವರಲ್ಲಿ ಅವಳೂ ಒಬ್ಬಳು ಎಂದು ನೀನೇ ಹೇಳಿದ್ದೆ. ಓದು ಬಹಳ ಇದ್ದದ್ದು ಆಗಲೂ ಇತ್ತಲ್ಲ. ಅವಳನ್ನು ಕೇಳು. ‘ಏನಿಲ್ಲ’ ಎಂದರೆ ಇನ್ನೊಮ್ಮೆ ಕೇಳು.

ನಾಳೆ ಬೆಳಗಿನ ಬಸ್ಸಿಗೆ ಅವ್ವ ಗಂಟು ಕಳುಹಿಸುತ್ತಾಳೆ. ಖಡಕ್ ರೊಟ್ಟಿ, ಶೇಂಗಾ ಹಿಂಡಿ, ಇಬ್ಬರಿಗೂ ಸಾಕಾಗುವಷ್ಟು ಇದೆ. ಅಟ್ಟದಿಂದ ಸಂಘದ ಹಳೆಯ ಠರಾವು ಪುಸ್ತಕ ಇಳಿಸಿದ್ದೆ. ಆ ಸಂಜೆಯ ಪುಟದಲ್ಲಿ ನನ್ನ ಅಕ್ಷರದಲ್ಲಿ, ‘ಸಭೆ ಶಾಂತಿಯುತವಾಗಿ ನಡೆಯಿತು’ ಎಂದಿದೆ, ಕೆಳಗೆ ನನ್ನ ಸಹಿ. ಹಾಳೆ ಹರಿದು ರೊಟ್ಟಿಯ ಕೆಳಗೆ ಇಟ್ಟಿದ್ದೇನೆ. ಎಣ್ಣೆ ತಾಗದಂತೆ ಪ್ಲಾಸ್ಟಿಕ್ಕಿನಲ್ಲಿ ಸುತ್ತಿದೆ.

ನಿನ್ನ ಅಪ್ಪ